ಮನೆಯಲ್ಲಿ ಎಷ್ಟು ಜನ? ಇಂಡಿಯಾನಾದ ಹಳ್ಳಿಗಾಡಿನ ಒಂದು ಗೃಹಸಾಲದ ಪ್ರಕರಣ

ಅಮೆರಿಕದ ಕೃಷಿ ಇಲಾಖೆ ಹಳ್ಳಿಗಾಡಿನ ಮನೆಗಳಿಗೆ ಖಾತರಿ ಕೊಡುವ ಸಾಲವನ್ನು ಎಲ್ಲರೂ 'ಯುಎಸ್‌ಡಿಎ ಲೋನ್' ಎಂದೇ ಕರೆಯುತ್ತಾರೆ. ಮುಂಗಡವಾಗಿ ಒಂದು ಡಾಲರೂ ಕಟ್ಟಬೇಕಿಲ್ಲ ಎಂಬ ಮಾತು ಕೇಳಿ ಅನೇಕ ಕನ್ನಡ ಕುಟುಂಬಗಳು ಇದರ ಬಗ್ಗೆ ವಿಚಾರಿಸುತ್ತವೆ, ಆದಾಯ ಮಿತಿಯ ಸಂಖ್ಯೆ ನೋಡಿ ಅಲ್ಲಿಗೇ ಕೈಬಿಡುತ್ತವೆ. ಹಾಗೆ ಕೈಬಿಡುವ ಹಂತಕ್ಕೆ ಬಂದಿದ್ದ ಒಂದು ಕುಟುಂಬದ ಪ್ರಕರಣ ಇದು. ಗುರುತು ಸಿಗದಂತೆ ಉದ್ಯೋಗ, ಮನೆಯ ಜಾಗ ಮತ್ತು ಮೊತ್ತಗಳನ್ನು ತುಸು ಬದಲಿಸಿದೆ. ನಿಯಮಗಳು ಮತ್ತು ಲೆಕ್ಕ ಹಾಕುವ ಕ್ರಮ ಮಾತ್ರ ಇದ್ದಂತೆಯೇ ಇವೆ. ಕಾಲ 2023.

ಊರು ಮತ್ತು ಸಾಲದ ಹಿನ್ನೆಲೆ

ಇಂಡಿಯಾನಾ ರಾಜ್ಯದ ಬಾರ್ಥಲಾಮ್ಯೂ ಕೌಂಟಿ (ನಮ್ಮ ಜಿಲ್ಲೆಯಂಥ ವಿಭಾಗ) 1821ರಲ್ಲಿ ರಚನೆಯಾಯಿತು. ಅದರ ಕೇಂದ್ರ ಕೊಲಂಬಸ್ ನಗರ. ಡೀಸೆಲ್ ಎಂಜಿನ್ ತಯಾರಿಸುವ ಕಮಿನ್ಸ್ ಕಂಪನಿ 1919ರಲ್ಲಿ ಹುಟ್ಟಿದ್ದು ಇಲ್ಲೇ, ಈಗಲೂ ಅದರ ಕೇಂದ್ರ ಕಚೇರಿ ಇಲ್ಲೇ ಇದೆ. ಅದೇ ಕಂಪನಿ 1962ರಲ್ಲಿ ಕಿರ್ಲೋಸ್ಕರ್ ಜೊತೆ ಸೇರಿ ಪುಣೆಯಲ್ಲಿ ಕಾರ್ಖಾನೆ ಕಟ್ಟಿತು. ಅಂದಿನಿಂದ ಭಾರತದ ಎಂಜಿನಿಯರ್‌ಗಳಿಗೆ ಈ ಸಣ್ಣ ನಗರದ ಹೆಸರು ಪರಿಚಿತ. ಬಿಡಿಭಾಗ ಒದಗಿಸುವ ಕಾರ್ಖಾನೆಗಳೂ ಸುತ್ತಮುತ್ತ ಇವೆ.

2020ರ ಜನಗಣತಿಯಲ್ಲಿ ಇಡೀ ಕೌಂಟಿಯ ಜನಸಂಖ್ಯೆ 82,208, ಅದರಲ್ಲಿ 50,474 ಮಂದಿ ಕೊಲಂಬಸ್‌ನವರೇ. ಈ ಸಾಲದಲ್ಲಿ ಈ ಎರಡನೇ ಸಂಖ್ಯೆಗೆ ಬಹಳ ತೂಕವಿದೆ. ಸಾಮಾನ್ಯವಾಗಿ 10,000 ಜನಸಂಖ್ಯೆಯೊಳಗಿನ ಊರು 'ಗ್ರಾಮೀಣ' ಎನಿಸಿಕೊಳ್ಳುತ್ತದೆ. ಹಿಂದೆಯೇ ಗ್ರಾಮೀಣವೆಂದು ಗುರುತಾಗಿದ್ದ ಊರುಗಳಿಗೆ ಕೆಲವು ಷರತ್ತುಗಳ ಮೇಲೆ 35,000ದವರೆಗೆ ವಿನಾಯಿತಿ ಉಂಟು. ಕೊಲಂಬಸ್ ಅದನ್ನೂ ಮೀರಿದೆ, ಹಾಗಾಗಿ ನಗರದೊಳಗೆ ಈ ಸಾಲವಿಲ್ಲ. ಈಶಾನ್ಯಕ್ಕೆ, 1830ರಲ್ಲಿ ಮೊರೇವಿಯನ್ ಪಂಥದವರು ನೆಲೆಯೂರಿದ ಹೋಪ್ ಎಂಬ ಊರು, ಇನ್ನೂ ಚಿಕ್ಕ ಹಾರ್ಟ್ಸ್‌ವಿಲ್, ನಡುವಿನ ಜೋಳ-ಸೋಯಾ ಹೊಲಗಳ ಪ್ರದೇಶ, ಇವು ಸಾಲಕ್ಕೆ ಸಲ್ಲುವ ಜಾಗಗಳು. ನಗರಸಭೆಯ ಗಡಿ ದಾಟಿದೊಡನೆ ಅರ್ಹತೆ ಶುರುವಾಗುತ್ತದೆ ಎಂದು ತಿಳಿಯಬಾರದು. ಇಲಾಖೆಯ ನಕ್ಷೆಯಲ್ಲಿರುವ ಗಡಿ ಬೇರೆ, ಅದಕ್ಕೆ ಮನೆಯ ಪೂರ್ತಿ ವಿಳಾಸ ಹಾಕಿಯೇ ನೋಡಬೇಕು.

ಈ ಸಾಲದ ಬೇರು 1949ರ ವಸತಿ ಕಾಯಿದೆಯ 502ನೇ ಸೆಕ್ಷನ್‌ನಲ್ಲಿದೆ. ಮೊದಲಿಗೆ ಇದು ಸರ್ಕಾರವೇ ನೇರವಾಗಿ ಕೊಡುತ್ತಿದ್ದ ಸಾಲ. ಕಡಿಮೆ ಆದಾಯದವರಿಗೆ ಆ ದಾರಿ ಇಂದಿಗೂ ತೆರೆದಿದೆ, ಅದರಲ್ಲಿ ಸಹಾಯಧನ ಸೇರಿ ಬಡ್ಡಿಯ ಹೊರೆ ಶೇ 1ರವರೆಗೂ ಇಳಿಯಬಹುದು. ಮಧ್ಯಮ ಆದಾಯದವರಿಗಾಗಿ 1990ರಲ್ಲಿ ಖಾತರಿಯ ದಾರಿ ಬಂತು. ಇದರಲ್ಲಿ ಹಣ ಖಾಸಗಿ ಸಾಲಸಂಸ್ಥೆಯದು, ಸಾಲ ಮುಳುಗಿದರೆ ಮೂಲ ಮೊತ್ತದ ಶೇ 90ರವರೆಗೆ ಸರ್ಕಾರದ ಭರವಸೆ. 30 ವರ್ಷ, ಬದಲಾಗದ ಬಡ್ಡಿ. ಆರಂಭದಲ್ಲಿ ಶೇ 1ರಷ್ಟು ಖಾತರಿ ಶುಲ್ಕ, ಅದನ್ನು ಸಾಲಕ್ಕೇ ಸೇರಿಸಬಹುದು. ಆಮೇಲೆ ಉಳಿದ ಸಾಲದ ಮೇಲೆ ವರ್ಷಕ್ಕೆ ಶೇ 0.35 ಶುಲ್ಕ. ನಮ್ಮ ಪ್ರಕರಣ ಈ ಎರಡನೇ ದಾರಿಯದು.

ಕುಟುಂಬ

ಗಂಡ ಅಮೆರಿಕದ ಪೌರತ್ವ ಪಡೆದವರು, ಬಿಡಿಭಾಗದ ಕಾರ್ಖಾನೆಯೊಂದರಲ್ಲಿ ಗಂಟೆ ಲೆಕ್ಕದ ಕೆಲಸ. ಹೆಂಡತಿ ಗ್ರೀನ್ ಕಾರ್ಡ್ ಇರುವವರು, ಮನೆಯಿಂದಲೇ ಗುತ್ತಿಗೆ ಆಧಾರದಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತಾರೆ, ಶುರು ಮಾಡಿ 14 ತಿಂಗಳಾಗಿತ್ತು. 14 ಮತ್ತು 9 ವರ್ಷದ ಇಬ್ಬರು ಮಕ್ಕಳು. ಗಂಡನ ತಾಯಿ ಮಧ್ಯ ಕರ್ನಾಟಕದವರು. ಮಗನ ಮೂಲಕ ಗ್ರೀನ್ ಕಾರ್ಡ್ ಪಡೆದು ಎರಡು ವರ್ಷದಿಂದ ಇವರ ಜೊತೆಗೇ ಇದ್ದಾರೆ. ತೀರಿಹೋದ ಪತಿಯ ಸರ್ಕಾರಿ ಸೇವೆಗಾಗಿ ತಿಂಗಳಿಗೆ 38,000 ರೂಪಾಯಿ ಕುಟುಂಬ ಪಿಂಚಣಿ ಊರಿನ ಬ್ಯಾಂಕಿಗೆ ಬೀಳುತ್ತದೆ.

ಇಲ್ಲೊಂದು ಮಾತು ಮೊದಲೇ ಹೇಳಬೇಕು. ಎಚ್-1ಬಿ ವೀಸಾದಲ್ಲಿರುವವರು ಈ ಸಾಲಕ್ಕೆ ಅರ್ಜಿದಾರರಾಗುವಂತಿಲ್ಲ. ಸಾಲದ ಪತ್ರಕ್ಕೆ ಸಹಿ ಹಾಕುವವರು ಪೌರರೋ ಗ್ರೀನ್ ಕಾರ್ಡಿನವರೋ ಅಥವಾ ಕಾನೂನು 'ಅರ್ಹ' ಎಂದು ಗುರುತಿಸಿದ ಇತರ ವಲಸಿಗರೋ ಆಗಿರಬೇಕು. ಬಾಡಿಗೆ ಕಟ್ಟಿ ಸಾಕಾಗಿ ಈ ಸಾಲದ ಮೇಲೆ ಆಸೆ ಇಟ್ಟುಕೊಂಡ ಎಷ್ಟೋ ಕುಟುಂಬಗಳಿಗೆ ಇದು ತಡವಾಗಿ ತಿಳಿಯುತ್ತದೆ. ಮನೆ ತೋರಿಸುವ ಏಜೆಂಟರು ಇದನ್ನು ಮೊದಲ ಭೇಟಿಯಲ್ಲೇ ಹೇಳಬೇಕು.

ಸಮಸ್ಯೆ: ಒಂದೇ ಸಂಬಳಕ್ಕೆ ಎರಡು ಲೆಕ್ಕ

ಮೊದಲ ಸಾಲಸಂಸ್ಥೆ ಹತ್ತೇ ನಿಮಿಷದಲ್ಲಿ 'ಆಗುವುದಿಲ್ಲ' ಎಂದಿತು. ಅದರ ಲೆಕ್ಕ ಹೀಗಿತ್ತು. ಗಂಡನ ಮೂಲ ಸಂಬಳ ವರ್ಷಕ್ಕೆ 70,200 ಡಾಲರ್, ಏಳು ತಿಂಗಳಿಂದ ಬರುತ್ತಿರುವ ಓವರ್‌ಟೈಮ್ ವರ್ಷಕ್ಕೆ ಸುಮಾರು 11,400, ಹೆಂಡತಿಯ ಗಳಿಕೆ 33,800. ಒಟ್ಟು 1,15,400. ಇಬ್ಬರು ಮಕ್ಕಳಿಗೆ ತಲಾ 480ರಂತೆ 960 ಕಳೆದರೆ 1,14,440. 2023ರ ಮಧ್ಯದಲ್ಲಿ ಜಾರಿಗೆ ಬಂದ ಮೂಲ ಮಿತಿ 1ರಿಂದ 4 ಜನರ ಮನೆಗೆ 1,10,650. ಹೆಚ್ಚಾದದ್ದು 3,790 ಡಾಲರ್.

ವಿಚಿತ್ರವೆಂದರೆ, ಅದೇ ಸಂಸ್ಥೆ ಅದೇ ಕಾಗದಗಳನ್ನು ನೋಡಿ 'ಆದಾಯ ಸಾಲದು' ಎಂದೂ ಹೇಳಿತ್ತು. ಎರಡೂ ನಿಜವೇ, ಏಕೆಂದರೆ ಈ ಸಾಲದಲ್ಲಿ ಆದಾಯವನ್ನು ಎರಡು ಬೇರೆ ಬೇರೆ ಉದ್ದೇಶಕ್ಕೆ ಎರಡು ಸಲ ಲೆಕ್ಕ ಹಾಕುತ್ತಾರೆ. ಅರ್ಹತೆಯ ಲೆಕ್ಕಕ್ಕೆ ಮನೆಯಲ್ಲಿ ವಾಸಿಸುವ ಎಲ್ಲ ವಯಸ್ಕರ ಆದಾಯ ಸೇರುತ್ತದೆ, ಅವರು ಸಾಲಕ್ಕೆ ಸಹಿ ಹಾಕಲಿ ಬಿಡಲಿ. ಮುಂದಿನ 12 ತಿಂಗಳಲ್ಲಿ ಬರಬಹುದಾದದ್ದೆಲ್ಲ ಇಲ್ಲಿ ಗಣನೆಗೆ ಬರುತ್ತದೆ. ಮರುಪಾವತಿಯ ಲೆಕ್ಕ ಇದಕ್ಕಿಂತ ಬಿಗಿ: ಸಹಿ ಹಾಕುವವರ ಆದಾಯ ಮಾತ್ರ, ಅದರಲ್ಲೂ ಸ್ಥಿರವೆಂದು ದಾಖಲೆಯಿಂದ ತೋರಿಸಬಲ್ಲದ್ದು ಮಾತ್ರ. ಸ್ವಂತ ದುಡಿಮೆಗೆ ಎರಡು ವರ್ಷದ ತೆರಿಗೆ ಲೆಕ್ಕ ಬೇಕು, ಹೆಂಡತಿಗೆ ಆಗಿದ್ದು 14 ತಿಂಗಳು. ಓವರ್‌ಟೈಮ್‌ಗೆ ಒಂದು ವರ್ಷದ ಇತಿಹಾಸ ಬೇಕು, ಗಂಡನದು ಏಳು ತಿಂಗಳು. ಹೀಗಾಗಿ ಅರ್ಹತೆಗೆ 1,15,400 ಎಂದು ಎಣಿಸಿದ ಕುಟುಂಬ ಮರುಪಾವತಿಗೆ ಬರೀ 70,200ರ ಕುಟುಂಬವಾಯಿತು, ಅಂದರೆ ತಿಂಗಳಿಗೆ 5,850.

ಈ ಹಂತದಲ್ಲಿ ಒಬ್ಬ ಏಜೆಂಟ್ ಸುಲಭದ ದಾರಿ ತೋರಿಸಿದರು: ಹೆಂಡತಿ ಸಾಲದಲ್ಲಿ ಇಲ್ಲವಲ್ಲ, ಅವರ ಗಳಿಕೆಯನ್ನು ಬರೆಯಲೇಬೇಡಿ. ದಂಪತಿ ಒಪ್ಪಲಿಲ್ಲ, ಒಪ್ಪದಿದ್ದದ್ದು ಒಳ್ಳೆಯದಾಯಿತು. ಮನೆಯ ಪ್ರತಿ ವಯಸ್ಕರೂ ತೆರಿಗೆ ಇಲಾಖೆಯಿಂದ ದಾಖಲೆ ತರಿಸಿಕೊಳ್ಳಲು 4506-ಸಿ ನಮೂನೆಗೆ ಸಹಿ ಹಾಕಬೇಕು. ಗಂಡ-ಹೆಂಡತಿ ಜಂಟಿಯಾಗಿ ತೆರಿಗೆ ಸಲ್ಲಿಸಿದ್ದರಿಂದ ಬಚ್ಚಿಟ್ಟ ಗಳಿಕೆ ಅಲ್ಲೇ ಕಾಣುತ್ತಿತ್ತು. ಫೆಡರಲ್ ಸಾಲದ ಅರ್ಜಿಯಲ್ಲಿ ಸುಳ್ಳು ಹೇಳುವುದು ಅಪರಾಧ, ವಲಸೆ ಬಂದವರಿಗಂತೂ ಅದರ ಪೆಟ್ಟು ಸಾಲಕ್ಕಷ್ಟೇ ನಿಲ್ಲುವುದಿಲ್ಲ.

ತಿರುವು: ತಾಯಿ

ಎರಡನೇ ಸಂಸ್ಥೆಯ ಅಧಿಕಾರಿ ಮೊದಲು ಕೇಳಿದ ಪ್ರಶ್ನೆ, "ಮನೆಯಲ್ಲಿ ಎಷ್ಟು ಜನ ಇದ್ದೀರಿ?" ಮೊದಲ ಸಂಸ್ಥೆಯಲ್ಲಿ ತಾಯಿಯ ವಿಷಯ ಬಂದಾಗ ಮಗ 'ಅಮ್ಮ ನಮ್ಮ ಜೊತೆ ಇರ್ತಾರೆ' ಎಂದಷ್ಟೇ ಹೇಳಿದ್ದರು. ಅಧಿಕಾರಿ ಅವರನ್ನು ಭಾರತದಿಂದ ಬಂದುಹೋಗುವ ಅತಿಥಿ ಎಂದುಕೊಂಡು ನಾಲ್ಕು ಎಂದು ಬರೆದುಕೊಂಡಿದ್ದರು.

ಐದು ಎಂದು ಬರೆದೊಡನೆ ಲೆಕ್ಕದ ಸಾಲೇ ಬೇರೆಯಾಯಿತು. 5ರಿಂದ 8 ಜನರ ಮನೆಗೆ ಅದೇ ವರ್ಷದ ಮಿತಿ 1,46,050. ತಾಯಿಯನ್ನು ಸೇರಿಸಿದ ಮೇಲೆ ಅವರ ಪಿಂಚಣಿಯನ್ನೂ ಸೇರಿಸಲೇಬೇಕು. ವರ್ಷಕ್ಕೆ 4,56,000 ರೂಪಾಯಿ, ಡಾಲರಿಗೆ 82ರ ದರದಲ್ಲಿ 5,561. ಒಟ್ಟು 1,20,961, ಮಕ್ಕಳ 960 ಕಳೆದರೆ 1,20,001. ಆದಾಯ ಏರಿತು, ಆದರೂ ಮಿತಿಗಿಂತ 26,000 ಡಾಲರ್ ಕೆಳಗೆ ಉಳಿಯಿತು. ತಾಯಿಗೆ 60 ದಾಟಿದ್ದರೂ ಹಿರಿಯರ ಹೆಸರಿನ 400 ಡಾಲರ್ ಕಡಿತ ಸಿಗಲಿಲ್ಲ. ಅದಕ್ಕೆ ಅರ್ಜಿದಾರರಿಗೇ 62 ತುಂಬಿರಬೇಕು.

ತಾಯಿಯನ್ನು ಎಣಿಸುವುದು ಬಾಯಿಮಾತಿನಲ್ಲಿ ಆಗಲಿಲ್ಲ. ಗ್ರೀನ್ ಕಾರ್ಡಿನ ಪ್ರತಿ, ಇದೇ ವಿಳಾಸದ ಇಂಡಿಯಾನಾ ಗುರುತಿನ ಚೀಟಿ, ವೈದ್ಯರ ಬಿಲ್ಲಿನ ಮೇಲಿನ ವಿಳಾಸ, ಪಿಂಚಣಿ ಪಾವತಿ ಆದೇಶದ ಪ್ರತಿ, 12 ತಿಂಗಳ ಬ್ಯಾಂಕ್ ಪುಸ್ತಕದ ಪುಟಗಳು, ಇಷ್ಟನ್ನೂ ಕೊಟ್ಟರು. ಕನ್ನಡದಲ್ಲಿದ್ದ ಪುಟಗಳನ್ನು ಇಂಗ್ಲಿಷಿಗೆ ಅನುವಾದಿಸಿ ಅನುವಾದಕರ ದೃಢೀಕರಣದೊಂದಿಗೆ ಲಗತ್ತಿಸಿದರು. ಇವರಿಗೆ ಹೆಚ್ಚು ದಿನ ತಿಂದದ್ದು ಇದೇ ಕಾಗದಗಳು. ಊರಿನ ಬ್ಯಾಂಕಿನಿಂದ ತರಿಸಬೇಕಾದದ್ದನ್ನು ಮನೆ ಹುಡುಕುವ ಮೊದಲೇ ತರಿಸಿಟ್ಟುಕೊಳ್ಳುವುದು ಜಾಣತನ. ಆರು ತಿಂಗಳಿಗೆ ಬಂದುಹೋಗುವ ಅಪ್ಪ-ಅಮ್ಮಂದಿರನ್ನು ಹೀಗೆ ಎಣಿಸಲು ಬರುವುದಿಲ್ಲ ಎಂಬುದೂ ಇದರಲ್ಲೇ ಅಡಗಿದೆ. ಅವರ ಕಾಯಂ ಮನೆ ಇದೇ ಆಗಿರಬೇಕು. ಹಾಗೆಯೇ ಊರಲ್ಲಿ ತಾಯಿಯ ಹೆಸರಿನ ಮನೆಗೆ ಬಾಡಿಗೆ ಬರುತ್ತಿದ್ದರೆ ಅದೂ ಆದಾಯ. ಈ ಪ್ರಕರಣದಲ್ಲಿ ಅಂಥದ್ದು ಇರಲಿಲ್ಲ.

ಇನ್ನೊಂದು ಪರೀಕ್ಷೆ ಬಾಕಿ ಇತ್ತು. ಸಾಮಾನ್ಯ ಬ್ಯಾಂಕ್ ಸಾಲ ಸುಲಭವಾಗಿ ಸಿಗುವವರಿಗೆ ಈ ಖಾತರಿ ಇಲ್ಲ. ಶೇ 20 ಮುಂಗಡ ಕಟ್ಟುವಷ್ಟು ಕೈಹಣ ಇದೆಯೇ ಎಂಬುದು ಅದರ ಮುಖ್ಯ ಅಳತೆ, ನಿವೃತ್ತಿ ನಿಧಿಯನ್ನು ಅದಕ್ಕೆ ಹಿಡಿಯುವುದಿಲ್ಲ. ಭಾರತದ ಠೇವಣಿಯೂ ಸೇರಿ ಗಂಡನ ಕೈಯಲ್ಲಿದ್ದದ್ದು 19,000. ಬೇಕಾಗುತ್ತಿದ್ದದ್ದು 45,000ಕ್ಕೂ ಮೇಲೆ. ಪರೀಕ್ಷೆ ದಾಟಿತು.

ಮನೆಗಳು

ಮೊದಲು ಇಷ್ಟವಾದದ್ದು ನದಿ ಬಯಲಿನ ಮನೆ. ಫ್ಲಾಟ್‌ರಾಕ್ ಮತ್ತು ಡ್ರಿಫ್ಟ್‌ವುಡ್ ನದಿಗಳು ಕೊಲಂಬಸ್‌ನಲ್ಲಿ ಕೂಡಿ ವೈಟ್ ನದಿಯ ಪೂರ್ವ ಕವಲಾಗುತ್ತವೆ, ಹೋಪ್ ಕಡೆಯಿಂದ ಹಾ ಕ್ರೀಕ್ ಹಳ್ಳ ಇಳಿದು ಬರುತ್ತದೆ. 2008ರ ಜೂನ್ 7ರಂದು ಈ ಹಳ್ಳವೇ ಉಕ್ಕಿ ಕೊಲಂಬಸ್‌ನ ಆಸ್ಪತ್ರೆಯೊಳಗೆ ನುಗ್ಗಿತ್ತು, ರೋಗಿಗಳನ್ನೆಲ್ಲ ಬೇರೆಡೆಗೆ ಸಾಗಿಸಿ ಆಸ್ಪತ್ರೆಯನ್ನು ತಿಂಗಳುಗಟ್ಟಲೆ ಮುಚ್ಚಬೇಕಾಯಿತು. ಈ ಕೌಂಟಿಯಲ್ಲಿ ಪ್ರವಾಹ ನಕ್ಷೆ ನೋಡದೆ ಮನೆಗೆ ಬೆಲೆ ಹೇಳಬಾರದು. ಇವರು ನೋಡಿದ ಮನೆ ಪ್ರವಾಹದ ಅಪಾಯ ಹೆಚ್ಚಿರುವ 'ಎಇ' ವಲಯದಲ್ಲಿತ್ತು. ಅಂಥ ಹಳೆಯ ಮನೆಗೆ ಸಾಲವೇ ಇಲ್ಲ ಎಂದೇನಿಲ್ಲ, ಪ್ರವಾಹ ವಿಮೆ ಮಾತ್ರ ಕಡ್ಡಾಯ. ಆ ವಿಮೆ ವರ್ಷಕ್ಕೆ 1,900, ತಿಂಗಳಿಗೆ 158. ಕಂತು, ತೆರಿಗೆ, ವಿಮೆ ಎಲ್ಲ ಸೇರಿ ಆದಾಯದ ಶೇ 29 ದಾಟಬಾರದು, ಬೇರೆ ಸಾಲಗಳೂ ಸೇರಿ ಶೇ 41 ದಾಟಬಾರದು ಎಂಬುದು ಮೂಲ ಅಳತೆ. ಈ ಮನೆಯಲ್ಲಿ ಅದು ಶೇ 34.1 ಮತ್ತು, ಕಾರಿನ ಕಂತು 410 ಸೇರಿ, ಶೇ 41.1 ಆಯಿತು. ಇಲಾಖೆಯ ಗಣಕ ವ್ಯವಸ್ಥೆ 'ಗಸ್' ಒಪ್ಪಿಗೆ ಕೊಡದೆ, ಅಧಿಕಾರಿ ಕೈಯಾರೆ ಪರಿಶೀಲಿಸಬೇಕೆಂದಿತು. ಕೈಯಾರೆ ಪರಿಶೀಲನೆಯಲ್ಲಿ ಮೊದಲ ಅಳತೆಗೆ ಶೇ 32ಕ್ಕಿಂತ ಮೇಲೆ ಸಡಿಲಿಕೆ ಇಲ್ಲ. ಆ ಮನೆಯನ್ನು ಬಿಟ್ಟರು.

ಎರಡನೆಯದು ಆರು ಎಕರೆಯದು. ಹಿಂದಿನ ಕೊಟ್ಟಿಗೆಯನ್ನೂ ನಾಲ್ಕು ಎಕರೆಯನ್ನೂ ಪಕ್ಕದ ರೈತರಿಗೆ ಗುತ್ತಿಗೆ ಕೊಟ್ಟಿದ್ದರು. ಗಂಡನಿಗೆ ಆ ಗುತ್ತಿಗೆ ಹಣವೇ ಆಕರ್ಷಣೆ. ಈ ಸಾಲ ಬೇಡವೆನ್ನುವುದು ಅದನ್ನೇ: ಗಳಿಕೆಗಾಗಿ ಬಳಸುವ ಕೃಷಿ ಕಟ್ಟಡವಿರುವ ಆಸ್ತಿಗೆ ಖಾತರಿ ಸಿಗದು. ಬರೀ ದೊಡ್ಡ ಜಾಗವೋ ಕಾರು ನಿಲ್ಲಿಸುವ ಶೆಡ್ಡೋ ಆಗಿದ್ದರೆ ತೊಂದರೆಯಿರಲಿಲ್ಲ.

ಮೂರನೆಯದು ಹೋಪ್ ಕಡೆಯ 1.6 ಎಕರೆಯ ಮನೆ. ಪ್ರವಾಹ ವಲಯದ ಹೊರಗೆ, ಸ್ವಂತ ಕೊಳವೆಬಾವಿ, ಸೆಪ್ಟಿಕ್ ಟ್ಯಾಂಕ್. ಜಾಹೀರಾತಿನಲ್ಲಿ ನಾಲ್ಕು ಮಲಗುವ ಕೋಣೆ, ಬೆಲೆ 2,36,000. ಇಲ್ಲಿ ಅವರು ಮಾಡಿದ ಒಳ್ಳೆಯ ಕೆಲಸವೆಂದರೆ ಬೆಲೆ ಮಾತಾಡುವ ಮೊದಲೇ ಕೌಂಟಿಯ ಆರೋಗ್ಯ ಇಲಾಖೆಯಿಂದ ಸೆಪ್ಟಿಕ್ ಪರವಾನಗಿ ತೆಗೆಸಿ ನೋಡಿದ್ದು. ಅದು ಮೂರು ಕೋಣೆಯ ಮನೆಗೆ ಕೊಟ್ಟ ಪರವಾನಗಿ, 1,000 ಗ್ಯಾಲನ್ ಟ್ಯಾಂಕು. ಇಂಡಿಯಾನಾದಲ್ಲಿ ನಾಲ್ಕು ಕೋಣೆಗೆ 1,250 ಗ್ಯಾಲನ್ ಬೇಕು, ನೀರು ಇಂಗುವ ಡ್ರೇನ್ ಫೀಲ್ಡ್ ಕೂಡ ಆ ಪ್ರಮಾಣದಲ್ಲೇ ದೊಡ್ಡದಿರಬೇಕು. ನಾಲ್ಕನೆಯ 'ಕೋಣೆ'ಯನ್ನು ನೆಲಮಾಳಿಗೆಯಲ್ಲಿ ಆಮೇಲೆ ಗೋಡೆ ಹಾಕಿ ಮಾಡಿದ್ದರು, ತುರ್ತಿನಲ್ಲಿ ಹೊರಬರುವಷ್ಟು ದೊಡ್ಡ ಕಿಟಕಿಯೂ ಅದಕ್ಕಿರಲಿಲ್ಲ. ಈ ಭಾಗದ ನೆಲ ಹಿಮಯುಗ ಬಿಟ್ಟುಹೋದ ಜೇಡಿಮಣ್ಣು, ಚಳಿಗಾಲ ಮುಗಿಯುವ ಹೊತ್ತಿಗೆ ನೀರು ಮೇಲಕ್ಕೇ ನಿಲ್ಲುತ್ತದೆ. ಡ್ರೇನ್ ಫೀಲ್ಡಿನ ಸುತ್ತ ಹೂತಿರುವ ಬಸಿಗಾಲುವೆ ಕೊಳವೆ ಮುಚ್ಚಿಹೋಗಿದ್ದರೆ ಕೊಳಚೆ ಅಂಗಳಕ್ಕೇ ಬರುತ್ತದೆ. ಟ್ಯಾಂಕ್ ಖಾಲಿ ಮಾಡಿಸಿ, ಒಳಗಿನ ತಡೆಗೋಡೆ ನೋಡಿ, ಆ ಕೊಳವೆಯ ಹೊರಬಾಯಿಯಲ್ಲಿ ನೀರು ಹರಿಯುವುದನ್ನು ಖಚಿತಪಡಿಸಿಕೊಂಡರು. ಟ್ಯಾಂಕ್ ತುಂಬಿದ್ದಾಗಲೇ ಮುಚ್ಚಳ ಎತ್ತಿ ನೋಡಿ 'ಸರಿಯಿದೆ' ಎನ್ನುವ ತಪಾಸಣೆಗೆ ಹಣ ಕೊಡಬಾರದು. ಪರವಾನಗಿಯ ಪ್ರತಿ ತೋರಿಸಿ ಮೂರು ಕೋಣೆಯ ಮನೆಯೆಂದೇ ಮಾತಾಡಿದ್ದರಿಂದ ಬೆಲೆ 2,28,000ಕ್ಕೆ ಇಳಿಯಿತು.

ಈಗ ಲೆಕ್ಕ: ಖಾತರಿ ಶುಲ್ಕ 2,303 ಸೇರಿ ಸಾಲ 2,30,303. ಶೇ 6.5 ಬಡ್ಡಿಗೆ ಕಂತು 1,456, ವಾರ್ಷಿಕ ಶುಲ್ಕದ ಪಾಲು 67, ತೆರಿಗೆ 190, ಮನೆ ವಿಮೆ 125. ತಿಂಗಳಿಗೆ 1,838. ಆದಾಯದ ಶೇ 31.4, ಕಾರಿನ ಕಂತು ಸೇರಿ ಶೇ 38.4. ಕ್ರೆಡಿಟ್ ಸ್ಕೋರ್ 700ರ ಮೇಲಿತ್ತು, ಗಸ್ ಒಪ್ಪಿತು. ಗಸ್ ಒಪ್ಪಿದರೆ ಶೇ 29 ಮೀರಿದ್ದಕ್ಕೆ ಬೇರೆ ಮನ್ನಾ ಪತ್ರ ಬೇಕಿಲ್ಲ.

ನೀರು ಮತ್ತು ಸೆಪ್ಟೆಂಬರ್ 30

ಸ್ವಂತ ಬಾವಿಯ ಮನೆಗೆ ಪ್ರಯೋಗಾಲಯದ ನೀರಿನ ವರದಿ ಬೇಕು. ಸುತ್ತ ಜೋಳದ ಹೊಲ, ಗೊಬ್ಬರದ ಸಾರಜನಕ ಇಳಿದು ಬರುವ ಜಾಗ. ಹಾಗಾಗಿ ಎಲ್ಲರಿಗೂ ನೈಟ್ರೇಟಿನದೇ ಭಯವಿತ್ತು. ಅದು ಲೀಟರಿಗೆ 6.2 ಮಿಲಿಗ್ರಾಂ ಬಂತು, ಮಿತಿ 10. ಕೈಕೊಟ್ಟದ್ದು ಕೋಲಿಫಾರ್ಮ್ ಬ್ಯಾಕ್ಟೀರಿಯಾ. ಬಾವಿಯ ಮುಚ್ಚಳ ಸಡಿಲವಾಗಿ ಹುಳುಹುಪ್ಪಟೆ ಒಳಗೆ ಸೇರಿದ್ದವು.

ಮೊದಲು ರಬ್ಬರ್ ಅಂಚಿನ ಹೊಸ ಮುಚ್ಚಳ ಹಾಕಿಸಿದರು, ಆಮೇಲೆ ಕ್ಲೋರಿನ್. ಈ ಕ್ರಮ ತಿರುಗುಮುರುಗಾದರೆ ವಾರದಲ್ಲಿ ಬ್ಯಾಕ್ಟೀರಿಯಾ ಮರಳುತ್ತದೆ. ಆರು ಇಂಚಿನ ಕೊಳವೆ, ಅದರಲ್ಲಿ 70 ಅಡಿ ನೀರು, ಅಂದರೆ ಸುಮಾರು 390 ಲೀಟರ್. ಅದಕ್ಕೆ ಶೇ 5.25ರ, ಸುವಾಸನೆ ಬೆರೆಸದ ಬ್ಲೀಚ್ ಸುಮಾರು ಒಂದೂವರೆ ಲೀಟರ್ ಸಾಕು. ತೋಟದ ಪೈಪಿನಿಂದ ನೀರನ್ನು ಮತ್ತೆ ಬಾವಿಗೇ ಹರಿಸಿ ಕೊಳವೆಯ ಒಳಮೈ ತೊಳೆದು, ಮನೆಯ ಪ್ರತಿ ನಲ್ಲಿಯಲ್ಲೂ ಕ್ಲೋರಿನ್ ವಾಸನೆ ಬರುವವರೆಗೆ ಬಿಟ್ಟು, ಒಂದು ದಿನ ಹಾಗೇ ನಿಲ್ಲಿಸಿದರು. ಆ ನೀರನ್ನು ಅಂಗಳಕ್ಕೆ ಬಿಡಬೇಕು. ಸೆಪ್ಟಿಕ್‌ಗೆ ಬಿಟ್ಟರೆ ಅಲ್ಲಿನ ಬೇಕಾದ ಜೀವಾಣುಗಳೂ ಸಾಯುತ್ತವೆ. ಕ್ಲೋರಿನ್ ಪೂರ್ತಿ ಹೋಗಿ ವಾರ ಕಳೆದ ಮೇಲೆ ಮಾದರಿ ತೆಗೆದರೆ ಮಾತ್ರ ವರದಿ ನಂಬಬಹುದು.

ಆ ವಾರವೇ ತೊಡಕಾಯಿತು. ಫೆಡರಲ್ ಹಣಕಾಸು ವರ್ಷ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಅಕ್ಟೋಬರ್ ಆರಂಭದಲ್ಲಿ ಹೊಸ ಅನುದಾನ ಕೈಗೆ ಬರುವವರೆಗೆ ಇಲಾಖೆಯ ಒಪ್ಪಿಗೆಗಳು ನಿಧಾನವಾಗುತ್ತವೆ. 2023ರಲ್ಲಿ ಸರ್ಕಾರದ ಕಚೇರಿಗಳೇ ಬಾಗಿಲು ಹಾಕುವ ಭಯವಿತ್ತು, ಸೆಪ್ಟೆಂಬರ್ 30ರಂದೇ ತಾತ್ಕಾಲಿಕ ಮಸೂದೆ ಪಾಸಾಗಿ ಅದು ತಪ್ಪಿತು. ಕಚೇರಿ ಮುಚ್ಚಿದರೆ ಹೊಸ ಷರತ್ತುಬದ್ಧ ಒಪ್ಪಿಗೆ ಸಿಗುವುದಿಲ್ಲ.

ಮನೆಯವರು ನೀರಿನ ವರದಿ ಬರಲಿ, ಎಲ್ಲ ಒಟ್ಟಿಗೆ ಕಳಿಸೋಣ ಎಂದರು. ಸಾಲದ ಅಧಿಕಾರಿ ಒಪ್ಪಲಿಲ್ಲ. ಮನೆಯ ಬೆಲೆ ಅಂದಾಜಿಸುವ ಅಪ್ರೈಸಲ್ ಮುಗಿದಿತ್ತು, ಆದಾಯದ ಕಾಗದಗಳು ಪೂರ್ತಿಯಾಗಿದ್ದವು. ನೀರಿನ ವರದಿಯನ್ನು 'ಕ್ಲೋಸಿಂಗ್‌ಗೆ (ಮನೆ ಕೈಬದಲಾಗುವ ಅಂತಿಮ ಸಹಿಗೆ) ಮೊದಲು ಪೂರೈಸಬೇಕಾದ ಷರತ್ತು' ಎಂದು ಗುರುತಿಸಿ ಕಡತವನ್ನು ಇಲಾಖೆಗೆ ಕಳಿಸಿದರು. ಸೆಪ್ಟೆಂಬರ್ ಮೂರನೇ ವಾರ ಒಪ್ಪಿಗೆ ಬಂತು. ಒಪ್ಪಿಗೆ ಬಂತೆಂದರೆ ಆ ವರ್ಷದ ಹಣ ಈ ಕಡತಕ್ಕೆ ಮೀಸಲಾಯಿತು, ಅದಕ್ಕೆ 90 ದಿನದ ಬಾಳಿಕೆ ಇದೆ. ನೀರಿನ ಎರಡನೇ ವರದಿ ಶುದ್ಧವೆಂದು ಬಂದ ಮೇಲೆ ಅಕ್ಟೋಬರ್ ಮೊದಲ ವಾರ ಕ್ಲೋಸಿಂಗ್ ಆಯಿತು. ಈ ಸಾಲದ ಕಡತವನ್ನು ಆಗಸ್ಟ್ ಮುಗಿಯುವುದರೊಳಗೆ ಸಿದ್ಧಪಡಿಸಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಆಗದಿದ್ದರೆ ಯಾವುದನ್ನು ಷರತ್ತಾಗಿ ಮುಂದೂಡಬಹುದು ಎಂದು ಕಡತ ಪರಿಶೀಲಿಸಿ ಒಪ್ಪುವ ಅಂಡರ್‌ರೈಟರನ್ನು ನೇರವಾಗಿ ಕೇಳಬೇಕು.

ಕೀಲಿ ಕೈಗೆ ಬಂದ ಮೇಲೆ

ಇಂಡಿಯಾನಾದಲ್ಲಿ ಸ್ವಂತ ವಾಸದ ಮನೆಗೆ ಆಸ್ತಿ ತೆರಿಗೆ ಅದರ ಅಂದಾಜು ಬೆಲೆಯ ಶೇ 1ಕ್ಕಿಂತ ಹೆಚ್ಚಾಗದಂತೆ ಮಿತಿ ಇದೆ, ಆದರೆ ಹೊಸ ಮಾಲೀಕರು 'ಹೋಮ್‌ಸ್ಟೆಡ್' ರಿಯಾಯಿತಿಗೆ ಕೌಂಟಿ ಆಡಿಟರ್ ಕಚೇರಿಯಲ್ಲಿ ಅರ್ಜಿ ಹಾಕಬೇಕು. ಅದೂ ಮನೆ ಮತ್ತು ಒಂದು ಎಕರೆಗೆ ಮಾತ್ರ. ಇವರ ಉಳಿದ 0.6 ಎಕರೆಗೆ ಈ ಮಿತಿ ಇಲ್ಲ. ಅರ್ಜಿ ಮರೆತರೆ ಮರುವರ್ಷ ತೆರಿಗೆ ಏರಿ, ತೆರಿಗೆ-ವಿಮೆಗೆಂದು ಕಂತಿನ ಜೊತೆ ಕೂಡಿಡುವ ಎಸ್ಕ್ರೋ ಖಾತೆ ಕೊರತೆ ಬಿದ್ದು, ತಿಂಗಳ ಕಂತು ಇದ್ದಕ್ಕಿದ್ದಂತೆ ಹೆಚ್ಚುತ್ತದೆ. ಶೇ 31.4ರಲ್ಲಿ ನಿಂತ ಮನೆಗೆ ಆ ಏರಿಕೆ ತಡೆದುಕೊಳ್ಳುವುದು ಕಷ್ಟ. ಇವರು ಕ್ಲೋಸಿಂಗ್ ದಿನವೇ ಅರ್ಜಿಗೆ ಸಹಿ ಹಾಕಿ, ಆಡಿಟರ್ ಕಚೇರಿಗೆ ತಲುಪಿದೆಯೇ ಎಂದು ಆಮೇಲೆ ಫೋನ್ ಮಾಡಿ ಕೇಳಿಕೊಂಡರು.

ಹೆಂಡತಿಯ ಸ್ವಂತ ದುಡಿಮೆಗೆ ಎರಡು ವರ್ಷ ತುಂಬಿದರೂ ಈ ಸಾಲದಲ್ಲಿ ಏನೂ ಬದಲಾಗುವುದಿಲ್ಲ. ಆದಾಯ ಮಿತಿಯನ್ನು ನೋಡುವುದು ಸಾಲ ಕೊಡುವಾಗ ಮಾತ್ರ, ಆಮೇಲೆ ಗಳಿಕೆ ಹೆಚ್ಚಿದರೆ ಖಾತರಿ ಹೋಗುವುದಿಲ್ಲ. ವಾರ್ಷಿಕ ಶೇ 0.35 ಮಾತ್ರ ಸಾಲ ಇರುವಷ್ಟು ಕಾಲವೂ ಇರುತ್ತದೆ, ಮನೆಯಲ್ಲಿ ಶೇ 20 ಪಾಲು ತೀರಿದರೂ ತಾನಾಗಿ ಬಿಟ್ಟುಹೋಗುವುದಿಲ್ಲ. ಅದನ್ನು ಕಳೆದುಕೊಳ್ಳಬೇಕಾದರೆ ಬೇರೆ ಬಗೆಯ ಸಾಲಕ್ಕೆ ಬದಲಾಯಿಸಿಕೊಳ್ಳಬೇಕು. ಆಗ ಇಬ್ಬರ ಆದಾಯವನ್ನೂ ತೋರಿಸಲು ಬರುತ್ತದೆ.